ಸೈಟ್ ಕೈಕೊಟ್ಟಾಗ ಬ್ಯಾಕಪ್ಪೋ, ಪ್ಲಗಿನ್ ಫೋಲ್ಡರೋ, ಎರರ್ ಲಾಗೋ? ಮಾಡಿ ನೋಡಿದ ಹೋಲಿಕೆ

ಬ್ಯಾಕಪ್ ರಿಸ್ಟೋರ್ ಮಾಡುವುದು ಕೊನೆಯ ದಾರಿ, ಮೊದಲನೆಯದಲ್ಲ. ಇದನ್ನು ಶುರುವಿನಲ್ಲೇ ಹೇಳಿಬಿಡುತ್ತೇನೆ. ನಮ್ಮ ಶಿರಸಿ, ಕುಮಟಾ, ಕಾರವಾರದ ಕಡೆ ಸಣ್ಣ ಸೈಟ್ ಇಟ್ಟುಕೊಂಡವರು ಹೋಮ್‌ಸ್ಟೇಯವರಿರಲಿ, ಉಪ್ಪಿನಕಾಯಿ ಜೇನುತುಪ್ಪ ಮಾರುವವರಿರಲಿ, ಸೈಟ್ ಬೆಳ್ಳಗಾಯ್ತು ಅಂದ ಕೂಡಲೇ ಕೈ ಹಾಕುವುದು ಅದಕ್ಕೇ. ಹೋಸ್ಟಿಂಗ್‌ನವರೂ ಸುಲಭ ಅಂತ ಅದನ್ನೇ ಹೇಳುತ್ತಾರೆ. ಆದರೆ ಆ ಒಂದು ಕ್ಲಿಕ್ಕಿನಲ್ಲಿ ಏನೇನು ಹೋಗುತ್ತದೆ ಅಂತ ಯಾರೂ ಹೇಳುವುದಿಲ್ಲ.

ನಾನು ನೋಡಿಕೊಳ್ಳುವ ಸೈಟ್‌ಗಳೆಲ್ಲ ವರ್ಡ್‌ಪ್ರೆಸ್ (ಸೈಟ್ ನಡೆಸುವ ಉಚಿತ ಸಾಫ್ಟ್‌ವೇರ್) ಮೇಲಿನವು. ಎಲ್ಲ ಅಗ್ಗದ ಶೇರ್ಡ್ ಹೋಸ್ಟಿಂಗ್ (ಒಂದೇ ಸರ್ವರ್ ಹಲವು ಸೈಟ್‌ಗೆ), ಒಳಗೆ ಸಿಪ್ಯಾನೆಲ್ ಅನ್ನುವ ನಿಯಂತ್ರಣ ಪುಟ. ಒಂದು ಶಿರಸಿಯ ಅಕ್ಕ ಒಬ್ಬರ ಅಪ್ಪೆಮಿಡಿ ಅಂಗಡಿ, ಇನ್ನೊಂದು ಗೋಕರ್ಣದ ಹತ್ತಿರದ ಹೋಮ್‌ಸ್ಟೇ, ಜೊತೆಗೆ ಗೆಳೆಯರದ್ದು ಅಂತ ಕೆಲವು. ಕೆಳಗೆ ಬರೆದಿರುವುದು ಇವುಗಳ ಮೇಲೆ ಮಾಡಿ ನೋಡಿದ್ದು.

ಮೊದಲು ಬ್ಯಾಕಪ್ ವಿಷಯ. ಅಪ್‌ಡ್ರಾಫ್ಟ್‌ಪ್ಲಸ್ ಅನ್ನುವ ಪ್ಲಗಿನ್‌ನ (ಪ್ಲಗಿನ್ ಅಂದರೆ ವರ್ಡ್‌ಪ್ರೆಸ್‌ಗೆ ಸೇರಿಸುವ ಹೆಚ್ಚುವರಿ ತುಣುಕು) ಉಚಿತ ಆವೃತ್ತಿಯೇ ಗೂಗಲ್ ಡ್ರೈವ್‌ಗೆ ಬ್ಯಾಕಪ್ ಕಳಿಸುತ್ತದೆ, ಅದು ಪ್ರತಿ ಸೈಟ್‌ನಲ್ಲೂ ಇರಲೇಬೇಕು. ರಿಸ್ಟೋರ್ ಮಾಡುವಾಗ ಅದು ಪ್ಲಗಿನ್, ಥೀಮ್, ಫೋಟೋ, ಡೇಟಾಬೇಸ್ (ಬರಹ, ಆರ್ಡರ್, ಸೆಟ್ಟಿಂಗ್ಸ್ ಎಲ್ಲ ಇರುವ ಜಾಗ) ಅಂತ ಬೇರೆ ಬೇರೆ ಟಿಕ್ ಕೇಳುತ್ತದೆ. ಗಾಬರಿಯಲ್ಲಿ ಇರುವವರು ಎಲ್ಲದಕ್ಕೂ ಟಿಕ್ ಹಾಕುತ್ತಾರೆ. ಡೇಟಾಬೇಸ್‌ಗೆ ಟಿಕ್ ಬಿತ್ತು ಅಂದರೆ ಬ್ಯಾಕಪ್ ತೆಗೆದ ಮೇಲೆ ಬಂದ ಆರ್ಡರ್, ಬುಕಿಂಗ್, ಕಮೆಂಟ್ ಎಲ್ಲ ಹೋಯ್ತು ಅಂತಲೇ ಲೆಕ್ಕ. ಮಿಡಿ ಸೀಸನ್ನಿನಲ್ಲಿ ಅಂಗಡಿಗೆ ರಾತ್ರಿಯೆಲ್ಲ ಆರ್ಡರ್ ಬಂದಿರುತ್ತದೆ, ದುಡ್ಡು ಖಾತೆಗೆ ಬಿದ್ದಿರುತ್ತದೆ, ಆದರೆ ಯಾರಿಗೆ ಯಾವ ಭರಣಿ ಕಳಿಸಬೇಕು ಅನ್ನುವ ವಿಳಾಸ ಮಾತ್ರ ಸೈಟ್‌ನಲ್ಲಿ ಇರುವುದಿಲ್ಲ. ಒಂದು ಹಂಚು ಸೋರಿದ್ದಕ್ಕೆ ಇಡೀ ಮಾಡು ಬಿಚ್ಚಿದ ಹಾಗೆ ಇದು.

ಇನ್ನೂ ದೊಡ್ಡ ತೊಂದರೆ ಏನಂದರೆ, ಎಷ್ಟೋ ಸಲ ರಿಸ್ಟೋರ್ ಮಾಡಿದರೂ ಸೈಟ್ ಏಳುವುದಿಲ್ಲ. ಅಪ್ಪೆಮಿಡಿ ಅಂಗಡಿಯ ಸೈಟ್‌ನಲ್ಲೂ ರಿಸ್ಟೋರ್ ಮಾಡಿದ್ದರೆ ಹೀಗೇ ಆಗುತ್ತಿತ್ತು. "ಎಂತಾತು ಮಾರಾಯ, ಸೈಟೇ ಕಾಣ್ತಿಲ್ಲೆ" ಅಂತ ಅಕ್ಕನ ಫೋನ್ ಬಂತು. ತೆರೆದರೆ ಗಂಭೀರ ದೋಷ ಉಂಟಾಗಿದೆ ಅನ್ನುವ ಒಂದೇ ಒಂದು ಸಾಲು. ಹೋಸ್ಟಿಂಗ್ ಚಾಟ್‌ನಲ್ಲಿದ್ದವರು ಬ್ಯಾಕಪ್ ಹಾಕಿಕೊಡುತ್ತೇವೆ ಅಂದರು. ಬೇಡ ಅಂದು ನಾನು ಎರರ್ ಲಾಗ್ (ಸೈಟ್‌ನ ದೋಷಗಳು ದಾಖಲಾಗುವ ಫೈಲ್) ತೆರೆದೆ. ಕೊನೆಯ ಸಾಲಿನಲ್ಲಿ ಫೇಟಲ್ ಎರರ್ ಅಂತಿತ್ತು, ಮುಂದೆ 'ಕ್ರಿಯೇಟ್ ಫಂಕ್ಷನ್' ಅನ್ನುವ ಫಂಕ್ಷನ್ನೇ ಇಲ್ಲ ಅಂತಿತ್ತು, ಅದರ ಮುಂದೆ ಫೈಲ್ ಇರುವ ದಾರಿ, ಆ ದಾರಿಯಲ್ಲಿ ಪ್ಲಗಿನ್ಸ್ ಅನ್ನುವ ಫೋಲ್ಡರ್, ಅದರೊಳಗೆ ಫೋಟೋ ಗ್ಯಾಲರಿಯ ಹಳೆಯ ಪ್ಲಗಿನ್ ಒಂದರ ಹೆಸರು, ಕೊನೆಗೆ ಎಷ್ಟನೇ ಸಾಲು ಅಂತ ಸಹಿತ. ಆ ಫಂಕ್ಷನ್ ಪಿಎಚ್‌ಪಿ (ವರ್ಡ್‌ಪ್ರೆಸ್ ಬರೆದಿರುವ ಪ್ರೋಗ್ರಾಂ ಭಾಷೆ) 7.2ರಲ್ಲೇ ಇನ್ನು ಬಳಸಬೇಡಿ ಅನ್ನುವ ಪಟ್ಟಿಗೆ ಸೇರಿತ್ತು, 8.0ರಲ್ಲಿ ಪೂರ್ತಿ ತೆಗೆದೇ ಹಾಕಿದ್ದಾರೆ. ಅಂದರೆ ಸೈಟ್‌ನಲ್ಲಿ ಯಾರೂ ಏನೂ ಬದಲಿಸಿರಲಿಲ್ಲ, ಹೋಸ್ಟಿಂಗ್‌ನವರು ಪಿಎಚ್‌ಪಿಯನ್ನು 7.4ರಿಂದ 8ಕ್ಕೆ ಏರಿಸಿದ್ದರು. ಹಳೆಯ ಬ್ಯಾಕಪ್ ಹಾಕಿದ್ದರೂ ಅದೇ ಪ್ಲಗಿನ್ ಮತ್ತೆ ಬಂದು, ಅದೇ ಹೊಸ ಪಿಎಚ್‌ಪಿಯಲ್ಲಿ ಮತ್ತೆ ಬೀಳುತ್ತಿತ್ತು. ಜೊತೆಗೆ ಆರ್ಡರ್‌ಗಳೂ ಹೋಗಿರುತ್ತಿದ್ದವು.

ಆವತ್ತಿಗೆ ಸಿಪ್ಯಾನೆಲ್‌ನಲ್ಲಿ ಪಿಎಚ್‌ಪಿ ಆವೃತ್ತಿಯನ್ನು ವಾಪಸ್ 7.4ಕ್ಕೆ ಇಳಿಸಿದೆ, ಸೈಟ್ ಎದ್ದಿತು. ಆಮೇಲೆ ಆ ಗ್ಯಾಲರಿ ತೆಗೆದು ವರ್ಡ್‌ಪ್ರೆಸ್‌ನದ್ದೇ ಗ್ಯಾಲರಿ ಬ್ಲಾಕ್ ಹಾಕಿ, ಮತ್ತೆ 8ಕ್ಕೆ ಏರಿಸಿದೆ. 7.4ಕ್ಕೆ 2022ರ ನವೆಂಬರ್‌ನಿಂದ ಸೆಕ್ಯೂರಿಟಿ ಅಪ್‌ಡೇಟ್ ಇಲ್ಲ. ಹಾಗಾಗಿ ಅಲ್ಲಿಗೆ ಇಳಿಯುವುದು ಒಂದೆರಡು ದಿನದ ಮಟ್ಟಿಗೆ ಸರಿ, ಅಲ್ಲೇ ಕೂರುವುದು ಸರಿಯಲ್ಲ.

ಲಾಗ್ ಸಿಗುವುದು ಎಲ್ಲಿ ಅಂತ ಕೇಳುವವರಿಗೆ: ಸಿಪ್ಯಾನೆಲ್‌ನಲ್ಲಿ ಎರರ್ಸ್ ಅಂತ ಒಂದು ಐಕಾನ್ ಇರುತ್ತದೆ. ಅಲ್ಲಿ ಇಲ್ಲದಿದ್ದರೆ ಫೈಲ್ ಮ್ಯಾನೇಜರ್‌ನಲ್ಲಿ ಸೈಟ್‌ನ ಫೋಲ್ಡರ್ ಒಳಗೆ ಎರರ್ ಲಾಗ್ ಅನ್ನುವ ಫೈಲ್ ಹುಡುಕಿ. ಅದೂ ಇಲ್ಲ ಅಂದರೆ ವರ್ಡ್‌ಪ್ರೆಸ್‌ನ ಕಾನ್ಫಿಗ್ ಫೈಲ್‌ನಲ್ಲಿ (wp-config.php) ಡಿಬಗ್ ಮತ್ತು ಡಿಬಗ್ ಲಾಗ್ ಎರಡನ್ನೂ ಆನ್ ಮಾಡಿ, ಡಿಬಗ್ ಡಿಸ್‌ಪ್ಲೇ ಆಫ್ ಮಾಡಿ. ಡಿಸ್‌ಪ್ಲೇ ಆಫ್ ಮಾಡುವುದನ್ನು ಮರೆತರೆ ಬಂದ ಗಿರಾಕಿಗೆಲ್ಲ ನಿಮ್ಮ ಸರ್ವರ್‌ನ ಒಳಗಿನ ದಾರಿ ಕಾಣುತ್ತದೆ. ಕೆಲಸ ಮುಗಿದ ಮೇಲೆ ಎಲ್ಲ ಆಫ್ ಮಾಡಿ ಆ ಲಾಗ್ ಫೈಲನ್ನೂ ಅಳಿಸಿ.

ಫೋಲ್ಡರ್ ಹೆಸರು ಬದಲಿಸುವ ದಾರಿ ಇದಕ್ಕಿಂತ ಹಳೆಯದು, ಈಗಲೂ ಗಟ್ಟಿ. ಅಡ್ಮಿನ್ ಒಳಗೆ ಹೋಗಲಿಕ್ಕೇ ಆಗದಿದ್ದಾಗ ಫೈಲ್ ಮ್ಯಾನೇಜರ್‌ನಲ್ಲಿ ಪ್ಲಗಿನ್ಸ್ ಫೋಲ್ಡರ್‌ಗೆ ಬೇರೆ ಹೆಸರಿಟ್ಟರೆ ಎಲ್ಲ ಪ್ಲಗಿನ್ ನಿಂತು ಸೈಟ್ ಏಳುತ್ತದೆ. ಸೆಟ್ಟಿಂಗ್ಸ್ ಡೇಟಾಬೇಸ್‌ನಲ್ಲಿ ಇರುತ್ತದೆ, ಅದು ಹೋಗುವುದಿಲ್ಲ. ಆದರೆ ಆ ಹೊತ್ತಿಗೆ ಬಂದವರಿಗೆ ಕಾಣುವುದು ಏನು? ಅಂಗಡಿ ಇರುವುದಿಲ್ಲ, ಬುಕಿಂಗ್ ಫಾರ್ಮ್ ಇರಬೇಕಾದ ಕಡೆ ಚೌಕ ಆವರಣದೊಳಗೆ ಯಾವುದೋ ಕೋಡ್. ಹೆಸರು ವಾಪಸ್ ಇಟ್ಟ ಮೇಲೂ ಒಂದೊಂದನ್ನೇ ಮತ್ತೆ ಆನ್ ಮಾಡುತ್ತಾ ಕೂರಬೇಕು. ಲಾಗ್ ಓದಿ ಹೆಸರು ಗೊತ್ತಾಗಿದ್ದರೆ ಆ ಒಂದು ಪ್ಲಗಿನ್‌ನ ಫೋಲ್ಡರ್‌ಗಷ್ಟೇ ಹೆಸರು ಬದಲಿಸಿದರೆ ಸಾಕು, ಉಳಿದದ್ದೆಲ್ಲ ತನ್ನ ಪಾಡಿಗೆ ನಡೆಯುತ್ತಿರುತ್ತದೆ. ನಾನು ಈಗ ಮಾಡುವುದು ಹೀಗೇ.

ರಿಕವರಿ ಮೋಡ್ ಚೆನ್ನಾಗಿದೆ, ಮೇಲ್ ಬಂದರೆ. 2019ರ ವರ್ಡ್‌ಪ್ರೆಸ್ 5.2ರಿಂದ ಈಚೆಗೆ ಸೈಟ್ ಬಿದ್ದರೆ ಅಡ್ಮಿನ್ ಮೇಲ್‌ಗೆ ಒಂದು ಲಿಂಕ್ ಬರುತ್ತದೆ. ಒತ್ತಿದರೆ ತೊಂದರೆ ಕೊಟ್ಟ ಪ್ಲಗಿನ್ ನಿಮ್ಮ ಮಟ್ಟಿಗೆ ನಿಂತು ಒಳಗೆ ಬಿಡುತ್ತದೆ. ಹೊರಗಿನವರಿಗೆ ಸೈಟ್ ಇನ್ನೂ ಬಿದ್ದೇ ಇರುತ್ತದೆ ಅನ್ನುವುದು ನೆನಪಿರಲಿ, ಒಳಗೆ ಹೋಗಿ ಆ ಪ್ಲಗಿನ್ ಡಿಆ್ಯಕ್ಟಿವೇಟ್ ಮಾಡಿದ ಮೇಲೆಯೇ ಅವರಿಗೂ ಕಾಣುವುದು. ಈ ಮೇಲ್ ಸ್ಪ್ಯಾಮ್‌ಗೆ ಹೋಗಿರುವುದೇ ಜಾಸ್ತಿ. ಇನ್ನು ಕೆಲವರ ಸೈಟ್‌ನಲ್ಲಿ ಅಡ್ಮಿನ್ ಮೇಲ್ ಅಂತ ಇರುವುದು ಎಷ್ಟೋ ವರ್ಷದ ಹಿಂದೆ ಸೈಟ್ ಮಾಡಿಕೊಟ್ಟ ಹುಡುಗನದ್ದು, ಅವನೀಗ ಬೆಂಗಳೂರಿನಲ್ಲಿ ಬೇರೆ ಕೆಲಸದಲ್ಲಿ ಇರುತ್ತಾನೆ. ಸೆಟ್ಟಿಂಗ್ಸ್‌ಗೆ ಹೋಗಿ ಇವತ್ತೇ ನೋಡಿಕೊಳ್ಳಿ.

ಹೆಲ್ತ್ ಚೆಕ್ ಪ್ಲಗಿನ್‌ನ ಟ್ರಬಲ್‌ಶೂಟಿಂಗ್ ಮೋಡ್ ನನಗೆ ತುಂಬಾ ಇಷ್ಟ. ಲಾಗಿನ್ ಆದ ನಿಮಗೆ ಮಾತ್ರ ಎಲ್ಲ ಪ್ಲಗಿನ್ ಆಫ್ ಆಗಿ ಡಿಫಾಲ್ಟ್ ಥೀಮ್ ಕಾಣುತ್ತದೆ, ಬೇರೆಯವರಿಗೆ ಸೈಟ್ ಎಂದಿನಂತೆ. ಹೋಮ್‌ಸ್ಟೇ ಸೈಟ್‌ನಲ್ಲಿ ತಾರೀಕು ಆರಿಸುವ ಕ್ಯಾಲೆಂಡರ್ ತೆರೆಯುತ್ತಿರಲಿಲ್ಲ. ಡಿಸೆಂಬರ್ ಸೀಸನ್, ಸೈಟ್ ನಿಲ್ಲಿಸುವ ಹಾಗೇ ಇಲ್ಲ. ಈ ಮೋಡ್‌ನಲ್ಲಿ ಒಂದೊಂದೇ ಆನ್ ಮಾಡುತ್ತಾ ಬಂದರೆ ಸ್ಲೈಡರ್ ಪ್ಲಗಿನ್ ಆನ್ ಆದಾಗಲೇ ಕ್ಯಾಲೆಂಡರ್ ಸಾಯುತ್ತಿತ್ತು. ಗಿರಾಕಿಗಳಿಗೆ ಏನೂ ಗೊತ್ತಾಗಲಿಲ್ಲ. ಆದರೆ ಸೈಟ್ ಪೂರ್ತಿ ಬಿದ್ದಾಗ ಇದರಿಂದ ಉಪಯೋಗ ಕಡಿಮೆ, ಅಡ್ಮಿನ್ ಒಳಗೆ ಹೋಗಲಿಕ್ಕಾದರೂ ಆಗಬೇಕಲ್ವಾ.

ಹಾಗಾದರೆ ಬ್ಯಾಕಪ್ ಗೆಲ್ಲುವುದು ಎಲ್ಲಿ? ಕನ್ನಡ ಅಕ್ಷರ ಕೆಟ್ಟಾಗ. ಒಂದು ಹೋಸ್ಟಿಂಗ್‌ನಿಂದ ಇನ್ನೊಂದಕ್ಕೆ ಡೇಟಾಬೇಸ್ ಸಾಗಿಸುವಾಗ ಕ್ಯಾರೆಕ್ಟರ್ ಸೆಟ್ (ಅಕ್ಷರಗಳನ್ನು ಕೂಡಿಡುವ ಪದ್ಧತಿ) ತಪ್ಪಿದರೆ ಕನ್ನಡ ಎರಡು ಥರ ಕೆಡುತ್ತದೆ. ಇಂಗ್ಲಿಷಿನ ಸಣ್ಣ ಎ ಮೇಲೆ ಓರೆ ಗೀಟು ಎಳೆದಂಥ ಅಕ್ಷರ ಸಾಲು ಸಾಲಾಗಿ ಕಂಡರೆ ಒಳಗೆ ಕನ್ನಡ ಇನ್ನೂ ಇದೆ, ಓದುವ ರೀತಿ ಮಾತ್ರ ತಪ್ಪಿದೆ, ಸರಿ ಮಾಡಬಹುದು. ಬರೀ ಪ್ರಶ್ನೆ ಚಿಹ್ನೆಗಳು ಕಂಡರೆ, ಡೇಟಾಬೇಸ್ ಒಳಗೆ ಇಣುಕಿದಾಗಲೂ ಅಲ್ಲಿ ಅವೇ ಇದ್ದರೆ, ಅಕ್ಷರ ಹೋಗಿಯೇ ಹೋಗಿದೆ. ಯಾವ ಪ್ಲಗಿನ್ನೂ ಅದನ್ನು ವಾಪಸ್ ತರುವುದಿಲ್ಲ, ಹಳೆಯ ಬ್ಯಾಕಪ್ ಒಂದೇ ಗತಿ. ಹೊಸ ಡೇಟಾಬೇಸ್ ಯುಟಿಎಫ್8ಎಂಬಿ4 (utf8mb4) ಅನ್ನುವ ಕ್ಯಾರೆಕ್ಟರ್ ಸೆಟ್‌ನಲ್ಲಿ ಇದೆಯಾ ನೋಡಿಕೊಂಡೇ ಇಂಪೋರ್ಟ್ ಮಾಡಿ. ಹಳೆ ಹೋಸ್ಟಿಂಗ್ ಖಾತೆ ಮುಚ್ಚುವುದಕ್ಕೆ ಅವಸರ ಬೇಡ. ನುಡಿ, ಬರಹದ ಹಳೆಯ ಫಾಂಟ್‌ನಿಂದ ಸೀದಾ ಪೇಸ್ಟ್ ಮಾಡಿದ್ದು ಅರ್ಥವಿಲ್ಲದ ಇಂಗ್ಲಿಷ್ ಆಗಿ ಕಾಣುವುದು ಬೇರೆಯೇ ವಿಷಯ, ಅದನ್ನು ಯುನಿಕೋಡ್‌ಗೆ ಬದಲಿಸಿ ಮತ್ತೆ ಹಾಕಿದರೆ ಮುಗಿಯಿತು.

ಸೈಟ್ ನಿಧಾನ ಅನ್ನುವುದಕ್ಕೆ ಕ್ಲೌಡ್‌ಫ್ಲೇರ್ (ಗಿರಾಕಿಗೂ ನಿಮ್ಮ ಸರ್ವರ್‌ಗೂ ನಡುವೆ ನಿಲ್ಲುವ ಸೇವೆ) ಹಾಕಿ ಅಂತ ಎಲ್ಲರೂ ಹೇಳುತ್ತಾರೆ. ಅದು ಚಿತ್ರ, ಸ್ಟೈಲ್ ಫೈಲ್, ಸ್ಕ್ರಿಪ್ಟ್ ಇವನ್ನು ಹತ್ತಿರದಿಂದ ಕೊಡುತ್ತದೆ, ಆದರೆ ನೀವಾಗಿ ಹೇಳದಿದ್ದರೆ ಪುಟದ ಎಚ್‌ಟಿಎಂಎಲ್ ಪ್ರತಿ ಸಲವೂ ನಿಮ್ಮ ಸರ್ವರ್‌ನಿಂದಲೇ ಬರಬೇಕು. ಸರ್ವರ್ರೇ ತಡ ಮಾಡುತ್ತಿದ್ದರೆ, ತಯಾರಾದ ಪುಟದ ಪ್ರತಿ ಇಟ್ಟುಕೊಂಡು ಕೊಡುವ ಕ್ಯಾಶ್ ಪ್ಲಗಿನ್ನಿನಿಂದಲೇ ಹೆಚ್ಚು ಫಲ, ಅಂಗಡಿ ಇರುವವರು ಕಾರ್ಟ್ ಮತ್ತು ಚೆಕ್‌ಔಟ್ ಪುಟ ಹೊರಗಿಡಬೇಕು ಅಷ್ಟೇ. ಹೋಮ್‌ಸ್ಟೇ ಸೈಟ್‌ಗೆ ಮಾತ್ರ ಇವೆರಡಕ್ಕಿಂತ ಜಾಸ್ತಿ ಕೆಲಸ ಮಾಡಿದ್ದು ಫೋಟೋ ಸಣ್ಣ ಮಾಡಿದ್ದು. ಮೊಬೈಲಿನಲ್ಲಿ ತೆಗೆದ ನಾಲ್ಕೈದು ಎಂಬಿಯ ಓಂ ಬೀಚ್ ಫೋಟೋಗಳನ್ನು ಹಾಗೇ ಹಾಕಿದ್ದರು. ದೇವಿಮನೆ ಘಾಟಿ ಇಳಿಯುತ್ತಾ, ಸಿಗ್ನಲ್ ಒಂದು ಕಡ್ಡಿ ಇರುವಾಗ ರೂಮ್ ಹುಡುಕುವವರಿಗೆ ಅದು ಯಾವಾಗ ಲೋಡ್ ಆಗಬೇಕು? ಅಗಲ 1600 ಪಿಕ್ಸೆಲ್‌ಗೆ ಇಳಿಸಿ ವೆಬ್‌ಪಿ (ಕಡಿಮೆ ಗಾತ್ರದ ಚಿತ್ರದ ಫೈಲ್ ಮಾದರಿ) ಮಾಡಿ ಹಾಕಿದ ಮೇಲೆ ಬೇರೇನೂ ಬೇಕಾಗಲಿಲ್ಲ. ವೇಗ ಚೆನ್ನಾಗಿದೆ ಅಂತ ಗೂಗಲ್‌ನವರು ಹೇಳುವುದು ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಂಡರೆ. ವೇಗ ಅಳೆಯುವ ಅವರದ್ದೇ ಪೇಜ್‌ಸ್ಪೀಡ್ ಇನ್‌ಸೈಟ್ಸ್‌ನಲ್ಲಿ ಮೊಬೈಲ್ ಟ್ಯಾಬ್ ನೋಡಿ, ಡೆಸ್ಕ್‌ಟಾಪ್ ಅಂಕ ನೋಡಿ ಖುಷಿಪಟ್ಟು ಏನೂ ಪ್ರಯೋಜನವಿಲ್ಲ.

ಕ್ಲೌಡ್‌ಫ್ಲೇರ್ ನಿಜವಾಗಿ ಗೆದ್ದಿದ್ದು ಬೇರೆ ಕಡೆ. ಮಾರಿಕಾಂಬಾ ಜಾತ್ರೆಯ ಹೊತ್ತಿಗೆ ಒಂದು ಲಾಡ್ಜ್‌ನ ಸೈಟ್ 508 ತೋರಿಸಲಿಕ್ಕೆ ಶುರುವಾಯ್ತು. ಅಂದರೆ ಹೋಸ್ಟಿಂಗ್‌ನವರು ಕೊಟ್ಟ ಮಿತಿ ಮುಗಿದಿದೆ ಅಂತ. ಜಾತ್ರೆಗೆ ಜನ ಹುಡುಕುತ್ತಿದ್ದಾರೆ, ದೊಡ್ಡ ಪ್ಲಾನ್ ತಗೊಳ್ಳಿ ಅಂದರು. ಆ್ಯಕ್ಸೆಸ್ ಲಾಗ್ ತೆರೆದರೆ ಬಂದವರಲ್ಲಿ ಹೆಚ್ಚಿನವರು ಜನರೇ ಅಲ್ಲ, ಲಾಗಿನ್ ಪುಟಕ್ಕೆ ಒಂದೇ ಸಮನೆ ಬಡಿಯುತ್ತಿದ್ದ ಬಾಟ್‌ಗಳು, ಅಂದರೆ ತಾವಾಗಿ ಓಡುವ ಪ್ರೋಗ್ರಾಂಗಳು. ಕ್ಲೌಡ್‌ಫ್ಲೇರ್ ಉಚಿತ ಪ್ಲಾನ್‌ನಲ್ಲೇ ಐದು ಕಸ್ಟಮ್ ರೂಲ್ (ಯಾರನ್ನು ತಡೆಯಬೇಕು ಅಂತ ನಾವೇ ಬರೆಯುವ ನಿಯಮ) ಸಿಗುತ್ತದೆ, ಒಂದನ್ನು ಲಾಗಿನ್ ಪುಟಕ್ಕೆ ಹಾಕಿದೆ. 508 ನಿಂತಿತು, ಪ್ಲಾನ್ ಹಳೆಯದೇ ಇದೆ.

ಬೀಗದ ಗುರುತಿನ, ಅಂದರೆ ಸೈಟ್ ಎಚ್‌ಟಿಟಿಪಿಎಸ್‌ನಲ್ಲಿ ಭದ್ರವಾಗಿ ತೆರೆಯಲಿಕ್ಕೆ ಬೇಕಾದ ಸರ್ಟಿಫಿಕೇಟ್‌ನ ವಿಷಯ ಚುಟುಕಾಗಿ. ಉಚಿತವಾಗಿ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್‌ನ ಮಾಮೂಲಿ ಸರ್ಟಿಫಿಕೇಟ್ 90 ದಿನದ್ದು, ಹೋಸ್ಟಿಂಗೇ ತಾನಾಗಿ ಹೊಸದು ಮಾಡುತ್ತಿದ್ದರೆ ಅದೇ ಒಳ್ಳೆಯದು. ಮುಗಿಯುತ್ತಿದೆ ಅಂತ ಅವರು ಕಳಿಸುತ್ತಿದ್ದ ಮೇಲ್ 2025ರ ಜೂನ್‌ನಿಂದ ನಿಂತಿದೆ. ಮೇಲ್ ಬಂದಾಗ ನೋಡೋಣ ಅಂತ ಕಾಯಬೇಡಿ. ಕ್ಲೌಡ್‌ಫ್ಲೇರ್ ಬಳಸುವವರು ಅದರ ಎಸ್‌ಎಸ್‌ಎಲ್ ಸೆಟ್ಟಿಂಗ್ ಫ್ಲೆಕ್ಸಿಬಲ್‌ನಲ್ಲಿ (ಕ್ಲೌಡ್‌ಫ್ಲೇರ್‌ನಿಂದ ನಿಮ್ಮ ಸರ್ವರ್‌ಗೆ ಬರೀ ಎಚ್‌ಟಿಟಿಪಿ) ಬಿಟ್ಟು, ಸೈಟ್ ಕೂಡ ಎಚ್‌ಟಿಟಿಪಿಎಸ್‌ಗೇ ತಿರುಗಿಸುತ್ತಿದ್ದರೆ, ಪುಟ ಸುತ್ತಿ ಸುತ್ತಿ ಕೊನೆಗೆ ರೀಡೈರೆಕ್ಟ್ ಜಾಸ್ತಿಯಾಯ್ತು ಅನ್ನುತ್ತದೆ. ಹೋಸ್ಟಿಂಗ್‌ನಲ್ಲೂ ಸರ್ಟಿಫಿಕೇಟ್ ಇಟ್ಟು ಫುಲ್ ಸ್ಟ್ರಿಕ್ಟ್ ಮಾಡಿ.

ಇಷ್ಟೆಲ್ಲ ನಮ್ಮಿಂದ ಆಗಲ್ಲ, ಹೋಸ್ಟಿಂಗ್ ಸಪೋರ್ಟ್‌ಗೇ ಹೇಳುತ್ತೇವೆ ಅನ್ನುವವರು ಒಂದು ಕೆಲಸ ಮಾಡಿ. "ಸೈಟ್ ಹೋಗಿದೆ, ನೋಡಿ" ಅಂತ ಬರೆದರೆ ಬ್ರೌಸರ್ ಕ್ಯಾಶ್ ತೆಗೆದು ನೋಡಿ ಅಂತಲೇ ಉತ್ತರ ಬರುತ್ತದೆ. ಯಾವ ಪುಟ, ಎಷ್ಟು ಗಂಟೆಗೆ, ತೆರೆಯ ಮೇಲೆ ಏನು ಬಂತು, ಲಾಗ್‌ನ ಕೊನೆಯ ಸಾಲು ಏನು, ಇಷ್ಟು ಬರೆದು, ನಿನ್ನೆಯಿಂದ ಇವತ್ತಿಗೆ ನಿಮ್ಮ ಕಡೆ ಪಿಎಚ್‌ಪಿ ಅಥವಾ ಸರ್ವರ್‌ನಲ್ಲಿ ಏನಾದರೂ ಬದಲಿಸಿದ್ದೀರಾ ಅಂತ ನೇರವಾಗಿ ಕೇಳಿ. ಡೇಟಾಬೇಸ್ ರಿಸ್ಟೋರ್ ಮಾಡುವ ಮುಂಚೆ ನನ್ನನ್ನು ಕೇಳಲೇಬೇಕು ಅನ್ನುವುದನ್ನು ಅದೇ ಸಂದೇಶದಲ್ಲಿ ಮೊದಲ ಸಾಲಾಗಿ ಹಾಕಿ.