ಡೀಸೆಲ್ ಇಂಜಿನ್‌ಗೆ ಇಂಧನವಾಗಿ ಯಾವುದು ಹಾಕಬಹುದು: ಬಳಸಿ ಬಿಟ್ಟ ಇಂಜಿನ್ ಆಯಿಲ್ಲೋ, ಕರಿದುಳಿದ ಅಡುಗೆ ಎಣ್ಣೆಯೋ?

ಕಾಮನ್ ರೈಲ್ ಇಂಜಿನ್ (ಅತಿ ಒತ್ತಡದಲ್ಲಿ ಇಂಧನ ಚಿಮ್ಮಿಸುವ ಈಗಿನ ಬಗೆ) ಇದ್ದರೆ ಎರಡೂ ಬೇಡ, ಅದರ ಇಂಜೆಕ್ಟರ್ ಅಂದರೆ ಇಂಧನ ಚಿಮ್ಮಿಸುವ ಭಾಗದ ಒಳಗಿನ ಸಂದು ಕೆಲವೇ ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗ ಒಂದು ಮೈಕ್ರಾನ್). ಮೆಕ್ಯಾನಿಕಲ್ ಪಂಪಿನ ಹಳೇ ಇಂಜಿನ್ ಆದರೆ ಯೋಚಿಸಬಹುದು.

ಇಂಜಿನ್ ಆಯಿಲ್ ಡೀಸೆಲ್ ಜೊತೆ ಸುಲಭವಾಗಿ ಬೆರೆಯುತ್ತದೆ, ಉರಿಯುತ್ತದೆ ಕೂಡ. ಸವೆದ ಲೋಹದ ಪುಡಿಯನ್ನು ಫಿಲ್ಟರ್ ಹಿಡಿಯಬಹುದು, ಆದರೆ ಆಯಿಲ್‌ನಲ್ಲೇ ಬೆರೆತಿರುವ ಸತು, ಕ್ಯಾಲ್ಸಿಯಂ ಎಷ್ಟು ಸೋಸಿದರೂ ಹೋಗುವುದಿಲ್ಲ. ಉರಿದ ಮೇಲೆ ಬೂದಿಯಾಗಿ ವಾಲ್ವ್ ಮೇಲೆ, ಇಂಜೆಕ್ಟರ್ ತುದಿಯಲ್ಲಿ ಗಟ್ಟಿಯಾಗಿ ಕೂರುತ್ತದೆ, ಉಳಿದದ್ದು ಹೊಗೆಯಲ್ಲಿ ನಮ್ಮ ಮೂಗಿಗೇ ಅಲ್ವಾ.

ಕರಿದ ಎಣ್ಣೆಯಲ್ಲಿ ಈ ಬೂದಿಯ ಕಾಟ ತೀರಾ ಕಡಿಮೆ. ಆದರೆ ಡೀಸೆಲ್‌ಗಿಂತ ಸುಮಾರು 10 ಪಟ್ಟು ಮಂದ. ಚೆನ್ನಾಗಿ ಸೋಸಿ, ನೀರು ತೆಗೆದು, 70 ಡಿಗ್ರಿಯಷ್ಟು ಬಿಸಿ ಮಾಡಿ ತೆಳುವಾಗಿಸಬೇಕು. ಸ್ಟಾರ್ಟ್ ಮಾಡುವುದೂ ನಿಲ್ಲಿಸುವುದೂ ಡೀಸೆಲ್‌ನಲ್ಲೇ, ಅಂದರೆ ಎರಡು ಟ್ಯಾಂಕ್. ತಾಳ್ಮೆ ಇದ್ದರೆ ಇದನ್ನೇ ಆರಿಸಿ. ಇಂಜಿನ್ ಆಯಿಲ್ ಅನ್ನು ಸುಮ್ನೆ ಸುಡುವ ಬದಲು ಶುದ್ಧೀಕರಣಕ್ಕೆ ಕೊಡಿ, ಮತ್ತೆ ಹೊಸ ಆಯಿಲ್ ಆಗುತ್ತದೆ.