ಭಾನುವಾರದ ಕ್ಲಾಸ್: ಬೆಳಗ್ಗೆಗೆ ಫುಲ್ ಮಾರ್ಕ್ಸ್, ಮಧ್ಯಾಹ್ನಕ್ಕೆ ಜಸ್ಟ್ ಪಾಸ್

ಬಳ್ಳಾರಿ ರಾಯಲ್ ಸರ್ಕಲ್ ಕಡೆ ಒಂದು ಕೋಚಿಂಗ್ ಸೆಂಟರ್‌ನೋರು ಕೆಎಎಸ್ ಹುಡುಗ್ರಿಗೆ ಅಂತ ಭಾನುವಾರ ಕ್ಲಾಸ್ ನಡಸ್ತಾರೆ, 200 ರೂಪಾಯಿ ಕೊಟ್ರೆ ಹೊರಗಿನೋರೂ ಕೂಡಬೌದು. ಬೆಳಗ್ಗೆ ಆರ್ಥಿಕ ಬಿಕ್ಕಟ್ಟು ಮತ್ತು ದೇಶದ ಭದ್ರತೆ, ಊಟ ಆದ್ಮೇಲೆ ಸಿನಿಮಾದಾಗ ವರ್ಣಭೇದ. ಎರಡನ್ನೂ ಒಂದೇ ದಿನ ಯಾಕೆ ಇಟ್ಟಾರೋ ಅವರಿಗೇ ಗೊತ್ತು.

ಬೆಳಗಿನ ಸರ್ ಮಾತ್ರ ಸೂಪರ್ ರೀ. 1991ರಾಗ ಫಾರಿನ್ ಎಕ್ಸ್‌ಚೇಂಜ್ ತಳ ಕಂಡು ಸುಮಾರು 47 ಟನ್ ಬಂಗಾರ ಇಂಗ್ಲೆಂಡು, ಜಪಾನಿನ ಬ್ಯಾಂಕಿಗೆ ಅಡ ಇಟ್ಟಿದ್ದು, 2017ರಾಗ ಶ್ರೀಲಂಕಾದೋರು ಹಂಬನತೋಟ ಬಂದರನ್ನ 99 ವರ್ಷಕ್ಕೆ ಚೀನಾ ಕಂಪನಿಗೆ ಲೀಸ್ ಕೊಟ್ಟಿದ್ದು, 2009ರಾಗ ಅಮೆರಿಕದ ಗುಪ್ತಚರ ಮುಖ್ಯಸ್ಥ ಡೆನಿಸ್ ಬ್ಲೇರ್ ಸೆನೆಟ್ ಮುಂದೆ ಸದ್ಯಕ್ಕೆ ದೊಡ್ಡ ಅಪಾಯ ಅಂದ್ರೆ ಜಗತ್ತಿನ ಆರ್ಥಿಕ ಬಿಕ್ಕಟ್ಟೇ ಅಂತ ಹೇಳಿದ್ದು, ಎಲ್ಲಾ ಹೇಳಿ ಸೀದಾ ನಮ್ಮೂರಿಗೆ ಬಂದ್ರು ನೋಡ್ರಿ. ಚೀನಾಕ್ಕೆ ಹೋಗ್ತಿದ್ದ ಅದಿರು, 2008ರ ಕೊನೆಗೆ ರೇಟ್ ಬಿದ್ದಿದ್ದು, 2011ರಾಗ ಸುಪ್ರೀಂ ಕೋರ್ಟ್ ಗಣಿ ನಿಲ್ಸಿದ್ದು. ಸಂಡೂರಿನ ಹುಡುಗ ಒಬ್ಬ ಎದ್ದು "ನಮ್ಮಪ್ಪಾರ ಲಾರಿನೂ ಫೈನಾನ್ಸ್‌ನೋರು ಎಳ್ಕೊಂಡು ಹೋದ್ರು ಸರ್" ಅಂದ. "ಒಂದೇ ಗಿರಾಕಿ ನಂಬಿ ಕುಂತ್ರೆ ಊರಿಗಾದ್ರೂ ದೇಶಕ್ಕಾದ್ರೂ ಇದೇ ಗತಿನಪ್ಪ" ಅಂದ್ರು. ಯಾವ ಗೈಡ್‌ನಾಗೂ ಇದು ಸಿಗಲ್ಲ.

ಊಟ ಇಲ್ಲ, ಹೊರಗೆ ಒಗ್ಗರಣೆ ಮಿರ್ಚಿ ಗಾಡಿ ಐತೆ, ಅದಕ್ಕೆ ಬೇರೆ ಐದು ಸ್ಟಾರ್.

ಮಧ್ಯಾಹ್ನದ ಮೇಡಂ ಪಿಪಿಟಿ ಓದ್ತಾ ಹೋದ್ರು. 1940ರಾಗ ಹ್ಯಾಟಿ ಮೆಕ್‌ಡೇನಿಯಲ್ ಆಸ್ಕರ್ ಗೆದ್ದ ಮೊದಲ ಕಪ್ಪು ಕಲಾವಿದೆ, ಆದ್ರೂ ಆ ರಾತ್ರಿ ಆಕಿನ್ನ ಬೇರೆ ಟೇಬಲ್‌ಗೆ ಕೂಡಿಸಿದ್ರು. ಬಿಳಿಯರು ಕರಿಯರ ನಡುವೆ ಪ್ರೀತಿ ತೋರಿಸಂಗಿಲ್ಲ ಅಂತ ಹಾಲಿವುಡ್‌ನೋರು ತಾವೇ ರೂಲ್ ಮಾಡ್ಕೊಂಡಿದ್ರು. ಕಪ್ಪು ನಟಿಗೆ ಬೆಸ್ಟ್ ಆಕ್ಟ್ರೆಸ್ ಆಸ್ಕರ್ ಮೊದಲ ಸಲ ಬಂದಿದ್ದು 2002ರಾಗ, ಹ್ಯಾಲಿ ಬೆರಿಗೆ. ಎಲ್ಲಾ ಸರಿ, ಆದ್ರೆ ಬೆಳಗಿನ ಸರ್ ಥರ ಊರಿಗೆ ಬರಲೇ ಇಲ್ಲ. ಬೆಳ್ಳಗಿನ ಹೀರೋಯಿನ್‌ಗೆ ಕಪ್ಪು ಬಳಿದು ಹೊಲದಾಕಿ ಪಾರ್ಟ್ ಕೊಡೋದು ನಾವು ನೋಡಿಲ್ಲೇನು? ಮಲಯಾಳಂನ ಮೊದಲ ಸಿನಿಮಾದಾಗ ಪಿ.ಕೆ. ರೋಸಿ ಅನ್ನೋ ದಲಿತ ಹೆಣ್ಮಗಳು ನಾಯರ್ ಹೆಂಗಸಿನ ಪಾರ್ಟ್ ಮಾಡಿದ್ಲು ಅಂತ ಊರೇ ಬಿಟ್ಟು ಓಡಂಗೆ ಮಾಡಿದ್ರಲ್ಲ, ಅದನ್ನ ಕೇಳ್ದೆ. "ಅದು ಸಿಲೆಬಸ್‌ನಾಗ ಇಲ್ಲ" ಅಂದ್ರು. ಹಿಂದಿನ ಬೆಂಚಿನೋರು ಆಗ್ಲೇ ಮೊಬೈಲ್ ತೆಗ್ದಿದ್ರು.

ಎಸಿ ಹೆಸರಿಗಷ್ಟೇ, ನಮ್ಮ ಬಿಸಿಲಿಗೆ ನೀರಿನ ಬಾಟ್ಲಿ ತಗೊಂಡು ಹೋಗ್ರಿ. ಬೆಳಗ್ಗೆಗಷ್ಟೇ 100 ತಗೋತೀರಾ ಅಂತ ಕೌಂಟರ್‌ನಾಗ ಕೇಳ್ದೆ, ಇಲ್ಲಂತೆ. 200 ಕೊಟ್ಟು ಬೆಳಗಿಂದು ಕೇಳಿ ಮಿರ್ಚಿ ತಿಂದು ಮನೆಗೆ ಬಂದ್ರೂ ಲಾಸ್ ಏನಿಲ್ಲ.