ನಾಯಿಯ ತುರಿಕೆಗೆ ಮೊದಲು ಯಾವ ಪರೀಕ್ಷೆ? ನಾನು ನೋಡಿದ ನಾಲ್ಕು ದಾರಿಗಳು

ನನ್ನ ಓಟು ಯಾವುದಕ್ಕೆ ಅಂತ ಮೊದಲೇ ಹೇಳಿಬಿಡುತ್ತೇನೆ: ಸ್ಲೈಡ್ ಪರೀಕ್ಷೆಗೆ. ಚರ್ಮವನ್ನು ಸ್ವಲ್ಪ ಕೆರೆದು, ಟೇಪ್ ಒತ್ತಿ ತೆಗೆದು, ಡಾಕ್ಟರು ಅಲ್ಲೇ ಮೈಕ್ರೋಸ್ಕೋಪಿನಲ್ಲಿ ನೋಡುವ ಹಳೇ ಪರೀಕ್ಷೆ ಅದು. ನಮ್ಮ ಲ್ಯಾಬ್ರಡಾರ್ ರಾಣಿ ಹೋದ ಮಳೆಗಾಲದಲ್ಲಿ ಮುಂಗಾಲನ್ನು ನೆಕ್ಕಿ ನೆಕ್ಕಿ ಕೆಂಪು ಮಾಡಿಕೊಂಡಳು. ಕಂಕುಳು ಕಪ್ಪಾಯಿತು, ಕಿವಿಯಿಂದ ಕಮಟು ವಾಸನೆ. ರಾತ್ರಿಯಿಡೀ ಟಪ ಟಪ ಅಂತ ಕೆರೆದುಕೊಳ್ಳುವ ಸದ್ದಿಗೆ ಮನೆಯವರಿಗೆಲ್ಲ ನಿದ್ದೆ ಇಲ್ಲ. ಆಗ ಫೋಟೊ ಕಳಿಸಿ ಕೇಳುವುದು, ರಕ್ತದ ಅಲರ್ಜಿ ಪರೀಕ್ಷೆ, ಸ್ಲೈಡ್, ಪಥ್ಯ ಎಲ್ಲವನ್ನೂ ನೋಡಿದ್ದಾಯಿತು.

ಫೋಟೊ ನೋಡಿ ಹೇಳುವುದರಲ್ಲಿ ಡಾಕ್ಟರ ತಪ್ಪೇನೂ ಇಲ್ಲ, ಚರ್ಮದ ಸ್ವಭಾವವೇ ಹಾಗೆ. ಕೂದಲು ಉದುರಿದ ಒಂದು ಗುಂಡನೆ ಮಚ್ಚೆ ಡೆಮೊಡೆಕ್ಸ್ ನುಸಿಯದ್ದಿರಬಹುದು, ಹುಳುಕಡ್ಡಿ ಇರಬಹುದು, ಕೀವುಗುಳ್ಳೆ ಒಡೆದು ಒಣಗಿದ ಗುರುತೂ ಇರಬಹುದು. ಮೂರೂ ಫೋಟೊದಲ್ಲಿ ಒಂದೇ ಥರ ಕಾಣುತ್ತವೆ, ಔಷಧಿ ಮಾತ್ರ ಬೇರೆ ಬೇರೆ. ಡೆಮೊಡೆಕ್ಸ್ ಇರುವ ನಾಯಿಗೆ ತುರಿಕೆ ನಿಲ್ಲಲಿ ಅಂತ ಸ್ಟೀರಾಯ್ಡ್ ಕೊಟ್ಟರೆ ನುಸಿ ಇನ್ನೂ ಜಾಸ್ತಿಯಾಗುತ್ತದೆ. ಇವತ್ತೇ ಓಡಬೇಕಾ, ನಾಳೆ ಹೋದರೆ ಸಾಕಾ ಅಂತ ತಿಳಿಯಲು ಫೋಟೊ ಸಾಕು. ಅಷ್ಟೇ.

ರಕ್ತಪರೀಕ್ಷೆಗೆ ಸಾವಿರಗಟ್ಟಲೆ ಹೋಯಿತು. ವರದಿ ನೋಡಲು ಚೆನ್ನಾಗಿತ್ತು: ಮನೆಧೂಳಿನ ನುಸಿ, ಹುಲ್ಲು, ಕೋಳಿ, ಅಕ್ಕಿ, ಒಂದೊಂದರ ಮುಂದೂ ಪ್ಲಸ್ ಗುರುತು. ಆದರೆ ತುರಿಕೆಯೇ ಇಲ್ಲದ ಆರೋಗ್ಯವಂತ ನಾಯಿಗಳ ರಕ್ತದಲ್ಲೂ ಇಂಥ ಪ್ಲಸ್ ಬರುತ್ತದೆ. ಈ ವರದಿ ಅಲರ್ಜಿ ಇದೆಯೋ ಇಲ್ಲವೋ ಅಂತ ತೀರ್ಮಾನ ಮಾಡಲು ಇರುವುದಲ್ಲ. ಬೇರೆ ಕಾರಣಗಳನ್ನೆಲ್ಲ ತಳ್ಳಿಹಾಕಿ ಅಲರ್ಜಿ ಅಂತ ಖಚಿತವಾದ ಮೇಲೆ, ಅದಕ್ಕೆ ಕೊಡುವ ಚುಚ್ಚುಮದ್ದಿನಲ್ಲಿ ಏನೇನು ಸೇರಿಸಬೇಕು ಅಂತ ಆರಿಸಲು ಬೇಕಾಗುತ್ತದೆ. ಊಟದ ಅಲರ್ಜಿಗಂತೂ ಇದನ್ನು ನಂಬುವ ಹಾಗೇ ಇಲ್ಲ.

ಇನ್ನು ಸ್ಲೈಡ್. ಡಾಕ್ಟರು ಬ್ಲೇಡಿಗೆ ಒಂದು ಹನಿ ಎಣ್ಣೆ ಹಾಕಿಕೊಂಡು, ಚರ್ಮವನ್ನು ಬೆರಳಲ್ಲಿ ಹಿಂಡಿ, ರಕ್ತ ಸಣ್ಣಗೆ ಜಿನುಗುವ ತನಕ ಕೆರೆದರು. ಡೆಮೊಡೆಕ್ಸ್ ಕೂದಲಿನ ಬುಡದೊಳಗೆ ಇರುತ್ತದೆ, ಮೇಲೆ ಮೇಲೆ ಕೆರೆದರೆ ಸಿಗುವುದಿಲ್ಲ. ನೋಡುವ ನಮಗೇ ಸಂಕಟ, ರಾಣಿ ಸುಮ್ನೆ ನಿಂತಿದ್ದಳು. ನುಸಿ ಸಿಗಲಿಲ್ಲ. ಆಮೇಲೆ ಕಂಕುಳಿಗೆ ಪಾರದರ್ಶಕ ಟೇಪ್ ಒತ್ತಿ, ಬಣ್ಣದಲ್ಲಿ ಅದ್ದಿ, ಸ್ಲೈಡಿಗೆ ಅಂಟಿಸಿ ನನಗೂ ತೋರಿಸಿದರು. ನೇರಳೆ ಬಣ್ಣದ ಪುಟ್ಟ ಪುಟ್ಟ ಕಡಲೆಕಾಯಿಗಳು ರಾಶಿ ಬಿದ್ದ ಹಾಗಿತ್ತು. ಅದು ಮಲಸೀಜಿಯಾ ಅನ್ನುವ ಯೀಸ್ಟ್. ಕೆಲವೇ ನೂರು ರೂಪಾಯಿ, ಉತ್ತರ ಅವತ್ತೇ.

ಆದರೆ ಇದರಲ್ಲಿ ಒಂದು ಕಿರಿಕಿರಿ ಇದೆ, ಅದನ್ನು ಯಾರೂ ಮುಂಚೆ ಹೇಳುವುದಿಲ್ಲ. ಪರೀಕ್ಷೆಗೆ ಮುಂಚೆ ಕೆಲವು ದಿನ ನಾಯಿಗೆ ಸ್ನಾನ ಮಾಡಿಸಬಾರದು, ಏನೂ ಹಚ್ಚಬಾರದು. ಯೀಸ್ಟು, ಬ್ಯಾಕ್ಟೀರಿಯಾ ಇರುವುದು ಚರ್ಮದ ಮೇಲೆಯೇ. ಔಷಧಿ ಶಾಂಪೂ ಹಾಕಿ ತೊಳೆದರೆ ಸ್ಲೈಡ್ ಖಾಲಿ ಬರುತ್ತದೆ, ಕಾಯಿಲೆ ಮಾತ್ರ ಹಾಗೇ ಇರುತ್ತದೆ. "ಏನೂ ಹಚ್ಚದೆ ಹಾಗೇ ಕರ್ಕೊಂಡು ಬನ್ನಿ ಮೇಡಂ" ಅಂತ ಡಾಕ್ಟರು ಫೋನಿನಲ್ಲೇ ಹೇಳಿದ್ದರು.

ಹೇಳಿದಷ್ಟು ಸುಲಭ ಅಲ್ಲ. ಹೊರಗೆ ಜಡಿಮಳೆ, ಕಿಟಕಿ ಬಾಗಿಲು ಮುಚ್ಚಿದ ಮನೆ, ಒಳಗೆ ನಾತ ಹೊಡೆಯುವ ನಾಯಿ. ಅತ್ತೆ ದಿನಾ ಬೆಳಿಗ್ಗೆ "ಬೇವಿನ ಸೊಪ್ಪು ಅರಿಶಿನ ಅರೆದು ಹಚ್ಚೋಣ ಕಣಮ್ಮಾ, ಪಾಪ ಮೂಕಪ್ರಾಣಿ" ಅನ್ನುತ್ತಿದ್ದರು. ಅವರ ಕಾಳಜಿ ನನಗೆ ಅರ್ಥವಾಗುತ್ತಿತ್ತು. ಆದರೆ ಅರಿಶಿನ ಹಚ್ಚಿದರೆ ಚರ್ಮವೆಲ್ಲ ಹಳದಿಯಾಗಿ ಎಲ್ಲಿ ಕೆಂಪಗಿದೆ ಅಂತಲೇ ಕಾಣುವುದಿಲ್ಲ ಅಲ್ವಾ? ಕಾಲು ನೆಕ್ಕದಿರಲಿ ಅಂತ ಕುತ್ತಿಗೆಗೆ ಆಲಿಕೆಯಂಥ ಪಟ್ಟಿ ಹಾಕಿ, ಚಾಪೆ ದಿನಾ ಒಗೆದು, ಅಂತೂ ಕಾದೆವು. ಮೆಡಿಕಲ್ ಶಾಪಿನಲ್ಲಿ ಸಿಗುವ ಮನುಷ್ಯರ ಮುಲಾಮಿನ ವಿಷಯದಲ್ಲಂತೂ ನಾನು ಜಗ್ಗುವುದಿಲ್ಲ. ಬಹಳಷ್ಟರಲ್ಲಿ ಸ್ಟೀರಾಯ್ಡ್ ಇರುತ್ತದೆ, ಮೇಲಾಗಿ ನಾಯಿ ಅದನ್ನು ನೆಕ್ಕಿ ನುಂಗುತ್ತದೆ.

ಸ್ಲೈಡಿಗೂ ಮಿತಿ ಇದೆ. ಮನುಷ್ಯರಿಗೂ ಅಂಟಿ ತುರಿಕೆ ತರುವ ಸಾರ್ಕೊಪ್ಟಿಸ್ ಕಜ್ಜಿಯ ನುಸಿ ಎಷ್ಟು ಕೆರೆದರೂ ಎಷ್ಟೋ ಸಲ ಸಿಗುವುದಿಲ್ಲ. ಕಿವಿಯ ಅಂಚನ್ನು ಉಜ್ಜಿದ ಕೂಡಲೇ ನಾಯಿ ಹಿಂಗಾಲು ಆಡಿಸಿದರೆ ಡಾಕ್ಟರು ಅನುಮಾನದ ಮೇಲೆಯೇ ಚಿಕಿತ್ಸೆ ಶುರುಮಾಡುತ್ತಾರೆ.

ಬೆಕ್ಕು ಇರುವವರಿಗೆ ಒಂದು ಮಾತು. ಹುಳುಕಡ್ಡಿ ನೋಡಲು ವುಡ್ಸ್ ಲ್ಯಾಂಪ್ ಅನ್ನುವ ಅತಿನೇರಳೆ ಬೆಳಕಿನ ದೀಪ ಹಿಡಿಯುತ್ತಾರೆ. ಕೂದಲು ಎಳೆ ಹಸಿರಾಗಿ ಹೊಳೆದರೆ ಅನುಮಾನ ಗಟ್ಟಿ. ಹೊಳೆಯಲಿಲ್ಲ ಅಂದ ಮಾತ್ರಕ್ಕೆ ಇಲ್ಲ ಅಂತಲ್ಲ.

ಪಥ್ಯ ಅಂದರೆ ನಾಯಿ ಹಿಂದೆಂದೂ ತಿನ್ನದ ಆಹಾರವನ್ನಷ್ಟೇ ಸುಮಾರು 8 ವಾರ ಕೊಟ್ಟು, ಆಮೇಲೆ ಹಳೇ ಊಟಕ್ಕೆ ಮರಳಿದಾಗ ತುರಿಕೆ ಮತ್ತೆ ಬರುತ್ತದಾ ಅಂತ ನೋಡುವುದು. ಊಟದ ಅಲರ್ಜಿ ಹಿಡಿಯಲು ಇದಕ್ಕಿಂತ ಒಳ್ಳೆ ದಾರಿ ಇಲ್ಲ. ಆದರೆ ನಮ್ಮ ಮನೆಯಲ್ಲಿ ಊಟದ ಹೊತ್ತಿಗೆ ಎಲ್ಲರ ಕೈಯೂ ಮೇಜಿನ ಕೆಳಗೆ ಹೋಗುತ್ತದೆ. ಒಂದು ಚೂರು ಬಿಸ್ಕತ್ತು ಬಿದ್ದರೂ ಲೆಕ್ಕ ತಪ್ಪುತ್ತದೆ, ಕೋಳಿ ಸ್ವಾದದ ಜಂತುಹುಳದ ಮಾತ್ರೆ ಕೂಡ ಆಗದು. ಇದನ್ನು ಕೊನೆಗೆ ಇಟ್ಟುಕೊಳ್ಳಿ, ಮಕ್ಕಳಿರುವ ಮನೆಯಲ್ಲಂತೂ.

ನನ್ನ ಸಂಬಳಕ್ಕೆ, ನನ್ನ ಬಿಡುವಿಗೆ ಹೊಂದಿದ ಕ್ರಮ ಇದು: ಮೊದಲು ಮನೆಯಲ್ಲೇ ಸಣ್ಣ ಹಲ್ಲಿನ ಬಾಚಣಿಗೆಯಿಂದ ಬಾಚಿ, ಉದುರಿದ ಕಪ್ಪು ಪುಡಿಯನ್ನು ಒದ್ದೆ ಬಿಳಿ ಕಾಗದದ ಮೇಲೆ ಹಾಕುತ್ತೇನೆ. ಕೆಂಪುಗಂದು ಬಣ್ಣ ಬಿಟ್ಟರೆ ಅದು ಚಿಗಟದ ಹಿಕ್ಕೆ. ಆಮೇಲೆ ಸ್ಲೈಡ್, ಕೊನೆಗೆ ಪಥ್ಯ. ಹತ್ತಿರದಲ್ಲಿ ಮೈಕ್ರೋಸ್ಕೋಪ್ ಇರುವ ಕ್ಲಿನಿಕ್ ಇಲ್ಲದವರು ಬೆಂಗಳೂರಿನ ಹೆಬ್ಬಾಳ, ಹಾಸನ, ಶಿವಮೊಗ್ಗ, ಬೀದರ್‌ನಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ ಅನ್ನುವುದನ್ನು ನೆನಪಿಟ್ಟುಕೊಳ್ಳಿ. ರಾಣಿಗೆ ಈಗ ಔಷಧಿ ಶಾಂಪೂ ನಡೆಯುತ್ತಿದೆ. ನೊರೆ 10 ನಿಮಿಷ ಮೈಮೇಲೆ ಇರಬೇಕು, ಆ ಹೊತ್ತು ಅವಳನ್ನು ಹಿಡಿದುಕೊಳ್ಳುವ ಕೆಲಸ ಅತ್ತೆಯದು.